ಯಾರೂ ಮಾತಾಡದ ಚಿತ್ರಗಳ ಬಗ್ಗೆ ಮಾತು

ಬ್ರಿಟಿಷ್ ಚಲನಚಿತ್ರ ಎಂದ ಕೂಡಲೆ ನಿಮಗೆ ಏನು ನೆನಪಾಗುತ್ತದೆ? ಜೇಮ್ಸ್ ಬಾಂಡ್ ನೆನಪಾಗಬಹುದು. ಇತಿಹಾಸದ ಪಾಠದ ಕಾರಣದಿಂದ ರಿಚರ್ಡ್ ಅಟೆನ್‌ಬರೋ ಅವರ 1982ರ ‘ಗಾಂಧಿ’ ನೆನಪಾಗಬಹುದು. ಮನೆಯ ಹಿರಿಯರನ್ನು ಕೇಳಿದರೆ ಡೇವಿಡ್ ಲೀನ್ ಹೆಸರು ಹೇಳಿಯಾರು. ಅಲ್ಲಿಗೆ ಪಟ್ಟಿ ಮುಗಿಯುತ್ತದೆ. ಆದರೆ 1920ರಿಂದ 1960ರವರೆಗೆ ಆ ದೇಶದಲ್ಲಿ ಸಾವಿರಾರು ಚಿತ್ರಗಳು ತಯಾರಾದವು. ಅವುಗಳಲ್ಲಿ ಬಹುಪಾಲನ್ನು ಇಂದು ಇಂಗ್ಲೆಂಡಿನವರೇ ಮರೆತಿದ್ದಾರೆ.

ಮರೆಯದವರೂ ಒಂದಷ್ಟು ಮಂದಿ ಉಂಟು. ಚಿತ್ರ ಸಮಾಜಗಳ ಪುಟ್ಟ ಸಭಾಂಗಣಗಳಲ್ಲಿ, ಸಿನಿಮಾ ಪತ್ರಿಕೆಗಳ ಓದುಗರ ಅಂಕಣಗಳಲ್ಲಿ, ಪ್ರದರ್ಶನ ಮುಗಿದ ಮೇಲಿನ ಚಹಾ ಹೊತ್ತಿನಲ್ಲಿ ಇವರು ತಾವು ಕಂಡ ಹಳೆಯ ಚಿತ್ರದ ಬಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. 2015ರಲ್ಲಿ ಅಲ್ಲಿ ಶುರುವಾದ ‘ಟಾಕಿಂಗ್ ಪಿಕ್ಚರ್ಸ್’ ಎಂಬ ಟೆಲಿವಿಷನ್ ವಾಹಿನಿ ಇಂಥ ಹಳೆಯ ಚಿತ್ರಗಳನ್ನೇ ನಂಬಿಕೊಂಡು ನಡೆಯಿತು, ಪ್ರೇಕ್ಷಕರನ್ನೂ ಗಳಿಸಿತು. ಇವರು ಏನು ಮಾತಾಡುತ್ತಾರೆ, ಆ ಮಾತಿನಿಂದ ಯಾರಿಗೆ ಏನು ಲಾಭ ಎಂಬುದು ಈ ಲೇಖನದ ವಿಷಯ. ಕಾಲಕಳೆಯುವ ಹರಟೆ ಎಂದು ತೋರುವ ಇದು ಕೆಲವು ಚಿತ್ರಗಳ ಪಾಲಿಗೆ ಸಾವು ಬದುಕಿನ ಪ್ರಶ್ನೆಯಾಗಿತ್ತು ಎಂಬುದನ್ನು ಮುಂದೆ ನೋಡುವಿರಿ.

ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ. ವಿಮರ್ಶಕ ಚಿತ್ರ ಬಿಡುಗಡೆಯಾದ ವಾರ ಬರೆಯುತ್ತಾನೆ. ನೋಡಬೇಕೆ ಬೇಡವೆ ಎಂದು ಹೇಳುವುದು ಅವನ ಕೆಲಸ. ಐವತ್ತು ಅರವತ್ತು ವರ್ಷ ಕಳೆದ ಮೇಲೆ ನೋಡುವ ಅಭಿಮಾನಿಗೆ ಆ ಹೊಣೆ ಇಲ್ಲ. ಅವನು ಕಥೆಯ ಜೊತೆಗೆ ಹಿನ್ನೆಲೆಯಲ್ಲಿ ಓಡುವ ಟ್ರಾಮನ್ನು, ಅಡುಗೆಮನೆಯ ಒಲೆಯನ್ನು, ಮೂರು ನಿಮಿಷ ಮಾತ್ರ ಬಂದು ಹೋಗುವ ಪೋಷಕ ನಟನನ್ನು ಗಮನಿಸುತ್ತಾನೆ. ‘ಚಿತ್ರ ಅಷ್ಟೇನೂ ಚೆನ್ನಾಗಿಲ್ಲ, ಆದರೆ ಆ ಬೀದಿ ಹಾಗೆಯೇ ಇತ್ತು’ ಎಂಬ ಧಾಟಿಯ ಮಾತು ಇವರಲ್ಲಿ ಪದೇ ಪದೇ ಬರುತ್ತದೆ. ನಮಗೆ ಇದು ವಿಚಿತ್ರ ಹೊಗಳಿಕೆ ಎನಿಸಬಹುದು. ಆದರೆ ಆ ಬೀದಿ ಈಗ ಇಲ್ಲವಾದರೆ, ಆ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಸಾಧಾರಣ ಚಿತ್ರಗಳು ಅಲ್ಲಿ ಅಷ್ಟೊಂದು ಹುಟ್ಟಿದ್ದು ಹೇಗೆ? ಇದಕ್ಕೆ ಒಂದು ಕಾನೂನಿನ ಕಥೆ ಇದೆ. 1920ರ ದಶಕದ ನಡುವಿನ ಹೊತ್ತಿಗೆ ಬ್ರಿಟನ್ನಿನ ಚಿತ್ರಮಂದಿರಗಳನ್ನು ಹಾಲಿವುಡ್ ಬಹುಮಟ್ಟಿಗೆ ಆಕ್ರಮಿಸಿತ್ತು. ಸ್ವದೇಶಿ ಚಿತ್ರಗಳ ಪಾಲು ಶೇಕಡಾ 5ರ ಆಸುಪಾಸಿಗೆ ಇಳಿದಿತ್ತು. ಇದನ್ನು ತಡೆಯಲು 1927ರಲ್ಲಿ ಪಾರ್ಲಿಮೆಂಟು ಸಿನಿಮಾಟೋಗ್ರಾಫ್ ಫಿಲ್ಮ್ಸ್ ಕಾಯಿದೆಯನ್ನು ತಂದಿತು. ಪ್ರತಿ ಚಿತ್ರಮಂದಿರವೂ ತಾನು ತೋರಿಸುವುದರಲ್ಲಿ ಇಷ್ಟು ಪಾಲು ಬ್ರಿಟಿಷ್ ಚಿತ್ರ ತೋರಿಸಲೇಬೇಕು. ಹಂಚಿಕೆದಾರರೂ ಇಷ್ಟು ಪಾಲು ಹಂಚಲೇಬೇಕು. ಪ್ರದರ್ಶಕರಿಗೆ ಶೇಕಡಾ 5ರಿಂದ ಆರಂಭವಾದ ಈ ಪಾಲು ಏರುತ್ತ ಹೋಗಿ 1930ರ ದಶಕದ ನಡುವಿನಲ್ಲಿ ಶೇಕಡಾ 20 ಮುಟ್ಟಿತು.

ಕಾನೂನು ಪ್ರಮಾಣವನ್ನು ಹೇಳಿತು, ಗುಣವನ್ನು ಹೇಳಲಿಲ್ಲ. ಅಮೆರಿಕದ ಕಂಪನಿಗಳ ಲಂಡನ್ ಶಾಖೆಗಳಿಗೆ ಬೇಕಾಗಿದ್ದುದು ಲೆಕ್ಕ ತುಂಬಿಸುವ ಅಗ್ಗದ ಸರಕು. ಅವರು ಸ್ಥಳೀಯ ನಿರ್ಮಾಪಕರಿಗೆ ಅಡಿಗೊಂದು ಪೌಂಡಿನಂತೆ ಹಣ ಕೊಟ್ಟು ಚಿತ್ರ ಮಾಡಿಸತೊಡಗಿದರು. ಸ್ವಲ್ಪ ಲೆಕ್ಕ ಹಾಕಿ ನೋಡಿ: ಪ್ರೊಜೆಕ್ಟರಿನಲ್ಲಿ ನಿಮಿಷಕ್ಕೆ 90 ಅಡಿ ಫಿಲ್ಮು ಓಡುತ್ತದೆ. ಆರು ಸಾವಿರ ಅಡಿಯ ಚಿತ್ರ ಎಂದರೆ ಒಂದು ಗಂಟೆಗಿಂತ ತುಸು ಹೆಚ್ಚು, ಕೈಗೆ ಬರುವುದು ಆರು ಸಾವಿರ ಪೌಂಡು. ಅದರಲ್ಲೇ ನಟರ ಸಂಬಳ, ಸೆಟ್ಟು, ಲಾಭ ಎಲ್ಲವೂ ಆಗಬೇಕು. ಎರಡು ವಾರದಲ್ಲಿ ಚಿತ್ರೀಕರಣ ಮುಗಿಸುವುದು ಸಾಮಾನ್ಯವಾಗಿತ್ತು. ‘ಕೋಟಾ ಕ್ವಿಕಿ’ ಎಂದು ಇವಕ್ಕೆ ಬಿದ್ದ ಅಡ್ಡಹೆಸರಿನಲ್ಲೇ ತಿರಸ್ಕಾರವಿದೆ. ಬೆಳಗ್ಗೆ ಚಿತ್ರಮಂದಿರವನ್ನು ಗುಡಿಸುವ ಹೆಂಗಸರ ಮುಂದೆ ಇವನ್ನು ಓಡಿಸಿ ಕೋಟಾ ತೀರಿಸುತ್ತಿದ್ದರಂತೆ ಎಂಬ ಮಾತೂ ಪ್ರಚಾರದಲ್ಲಿದೆ. ಕೊನೆಗೆ 1938ರ ಕಾಯಿದೆ ಕನಿಷ್ಠ ವೆಚ್ಚವನ್ನು ನಿಗದಿ ಮಾಡಿ ಈ ಆಟಕ್ಕೆ ಕಡಿವಾಣ ಹಾಕಿತು.

ಹಾಗಾದರೆ ಇವೆಲ್ಲ ಕಸವೇ? ಬಹಳ ಕಾಲ ಸಿನಿಮಾ ಚರಿತ್ರಕಾರರು ಹಾಗೆಯೇ ಹೇಳಿಕೊಂಡು ಬಂದರು. ಆದರೆ ಮೈಕೇಲ್ ಪೊವೆಲ್ ಎಂಬ ತರುಣ 1931ರಿಂದ 1936ರ ನಡುವೆ ಇಂಥ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ನಿರ್ದೇಶಿಸಿದ. ಅವನಿಗೆ ಅದೇ ಶಾಲೆ, ಅದೇ ಕಾಲೇಜು. ಮುಂದೆ ಬ್ರಿಟನ್ನಿನ ಅತಿ ದೊಡ್ಡ ನಿರ್ದೇಶಕರಲ್ಲಿ ಒಬ್ಬನೆನಿಸಿಕೊಂಡವನು ಇವನೇ. ಉಳಿದಿರುವ ಕೆಲವು ಕ್ವಿಕಿಗಳನ್ನು ಅಭಿಮಾನಿಗಳು ಹುಡುಕಿ ನೋಡುವುದು, ಒಂದು ಶಾಟಿನಲ್ಲಿ, ಒಂದು ಬೆಳಕಿನಲ್ಲಿ ಮುಂದಿನ ಪೊವೆಲ್‌ನ ಸುಳಿವು ಸಿಕ್ಕಿತೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಇದೇ ಕಾರಣಕ್ಕೆ.

ಪೊವೆಲ್ ಆ ಕಾರ್ಖಾನೆಯಿಂದ ಹೊರಬಂದ ಚಿತ್ರದ ಹೆಸರು ‘ದಿ ಎಡ್ಜ್ ಆಫ್ ದಿ ವರ್ಲ್ಡ್’, 1937. ನೀವು ಇಲ್ಲಿ ಹೆಸರಿಸಿದ ಚಿತ್ರಗಳಲ್ಲಿ ಒಂದನ್ನು ಮಾತ್ರ ನೋಡುವುದಾದರೆ ಇದನ್ನೇ ನೋಡಿ ಎಂದು ಹೇಳುತ್ತೇನೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಸೇಂಟ್ ಕಿಲ್ಡಾ ಎಂಬ ದ್ವೀಪವಿದೆ. ಶತಮಾನಗಳ ಕಾಲ ಜನ ಬದುಕಿದ್ದ ಆ ದ್ವೀಪದಲ್ಲಿ 1930ರ ಹೊತ್ತಿಗೆ ಉಳಿದವರು 36 ಮಂದಿ ಮಾತ್ರ. ದುಡಿಯುವ ತರುಣರು ಮುಖ್ಯ ಭೂಮಿಗೆ ಹೋಗಿಬಿಟ್ಟಿದ್ದರು. ಉಳಿದವರೇ ಸರ್ಕಾರಕ್ಕೆ ಬರೆದುಕೊಂಡು, ಆ ವರ್ಷದ ಆಗಸ್ಟ್ 29ರಂದು ಹಡಗು ಹತ್ತಿದರು. ಪತ್ರಿಕೆಯಲ್ಲಿ ಈ ಸುದ್ದಿ ಓದಿದ ಪೊವೆಲ್ ವರ್ಷಗಟ್ಟಲೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಸೇಂಟ್ ಕಿಲ್ಡಾದಲ್ಲಿ ಚಿತ್ರೀಕರಿಸಲು ಅನುಮತಿ ಸಿಗಲಿಲ್ಲ. ಶೆಟ್ಲೆಂಡಿನ ಫೌಲಾ ಎಂಬ ದ್ವೀಪಕ್ಕೆ ತಂಡವನ್ನು ಕರೆದೊಯ್ದು, ಬಿರುಗಾಳಿಯ ನಡುವೆ ತಿಂಗಳುಗಟ್ಟಲೆ ಅಲ್ಲೇ ಉಳಿದ. ಆ ಅನುಭವದ ಮೇಲೆ ಅವನು ಬರೆದ ಪುಸ್ತಕದ ಹೆಸರಿನಲ್ಲೇ ಎರಡು ಲಕ್ಷ ಅಡಿ ಫಿಲ್ಮಿನ ಮಾತಿದೆ. ಆರು ಸಾವಿರ ಅಡಿಗೆ ಆರು ಸಾವಿರ ಪೌಂಡು ಎಣಿಸುತ್ತಿದ್ದವನು ಎರಡು ಲಕ್ಷ ಅಡಿ ಖರ್ಚು ಮಾಡಿದ!

ಕಥೆ ಸರಳ. ದ್ವೀಪ ಬಿಡಬೇಕೆನ್ನುವವರು, ಬಿಡಬಾರದೆನ್ನುವವರು. ಇಬ್ಬರು ಯುವಕರು ಬಂಡೆ ಹತ್ತುವ ಪಂದ್ಯದಿಂದ ಅದನ್ನು ತೀರ್ಮಾನಿಸಲು ಹೊರಡುತ್ತಾರೆ. ಆದರೆ ನೋಡಿದವರ ಮನಸ್ಸಿನಲ್ಲಿ ನಿಲ್ಲುವುದು ಮುಖಗಳು. ನಟರ ಪಕ್ಕದಲ್ಲಿ ಫೌಲಾದ ನಿಜವಾದ ಜನರೂ ಕಾಣಿಸಿಕೊಳ್ಳುತ್ತಾರೆ. 1978ರಲ್ಲಿ ಮುಪ್ಪಿನ ಪೊವೆಲ್, ನಟ ಜಾನ್ ಲಾರಿ ಮತ್ತು ಕೆಲವರು ಮತ್ತೆ ಫೌಲಾಗೆ ಹೋಗಿ ಒಂದು ಕಿರುಚಿತ್ರ ಮಾಡಿದರು. ನಲವತ್ತು ವರ್ಷಗಳ ಹಿಂದೆ ತಾವು ಅಭಿನಯಿಸಿದ ಬಂಡೆಗಳ ನಡುವೆ ಮುದುಕರು ನಡೆದಾಡುವುದನ್ನು ನೋಡುವಾಗ ಮೂಲ ಚಿತ್ರಕ್ಕೆ ಇನ್ನೊಂದು ಅರ್ಥ ಕೂಡಿಕೊಳ್ಳುತ್ತದೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳ್ಳಿಯ ಕಡೆಯವರು ನಿಮ್ಮ ಮನೆಯಲ್ಲಿದ್ದರೆ, ಈ ಚಿತ್ರವನ್ನು ಅವರ ಜೊತೆ ಕೂತು ನೋಡಿ.

ಇನ್ನು ಸಾವಿನ ಬಾಯಿಂದ ಉಳಿದು ಬಂದ ಒಂದು ಚಿತ್ರದ ಕಥೆ. ‘ಗ್ಯಾಸ್‌ಲೈಟಿಂಗ್’ ಎಂಬ ಮಾತನ್ನು ನೀವು ಕೇಳಿರಬಹುದು. ಒಬ್ಬರನ್ನು ಅವರ ಬುದ್ಧಿಯ ಮೇಲೇ ಅವರಿಗೆ ನಂಬಿಕೆ ಹೋಗುವಂತೆ ಮೋಸಗೊಳಿಸುವುದು ಎಂದು ಅದರ ಅರ್ಥ. 2022ರಲ್ಲಿ ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟು ಇದನ್ನು ವರ್ಷದ ಪದವೆಂದು ಆರಿಸಿತು. ಈ ಮಾತಿನ ಮೂಲ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ 1938ರ ನಾಟಕ. ಗಂಡ ರಾತ್ರಿ ಗುಟ್ಟಾಗಿ ಮಹಡಿಯಲ್ಲಿ ಏನನ್ನೋ ಹುಡುಕುತ್ತಾನೆ. ಅಲ್ಲಿ ಅವನು ಗ್ಯಾಸ್ ದೀಪ ಹಚ್ಚಿದಾಗ ಕೊಳವೆಯ ಒತ್ತಡ ಕಡಿಮೆಯಾಗಿ ಕೆಳಗಿನ ಕೋಣೆಯ ದೀಪ ಮಂಕಾಗುತ್ತದೆ. ದೀಪ ಮಂಕಾಗುತ್ತಿದೆ ಎಂದು ಹೆಂಡತಿ ಹೇಳಿದರೆ, ಅದೆಲ್ಲ ನಿನ್ನ ಭ್ರಮೆ ಎಂದು ಅವಳನ್ನು ಹುಚ್ಚಿಯನ್ನಾಗಿಸಲು ನೋಡುತ್ತಾನೆ.

ಇದನ್ನು 1940ರಲ್ಲಿ ಇಂಗ್ಲೆಂಡಿನಲ್ಲಿ ಥೊರಾಲ್ಡ್ ಡಿಕಿನ್‌ಸನ್ ಚಿತ್ರವಾಗಿಸಿದರು. ಆಂಟನ್ ವಾಲ್‌ಬ್ರುಕ್ ಗಂಡ, ಡಯಾನಾ ವಿನ್ಯಾರ್ಡ್ ಹೆಂಡತಿ. ಬಳಿಕ ಹಾಲಿವುಡ್ಡಿನ ಎಂಜಿಎಂ ಕಂಪನಿ ಹಕ್ಕು ಕೊಂಡು 1944ರಲ್ಲಿ ಇಂಗ್ರಿಡ್ ಬರ್ಗ್‌ಮನ್‌ರನ್ನು ಹಾಕಿಕೊಂಡು ಮತ್ತೆ ತೆಗೆಯಿತು. ಬರ್ಗ್‌ಮನ್‌ಗೆ ಆಸ್ಕರ್ ಬಂತು. ತನ್ನ ಚಿತ್ರಕ್ಕೆ ಪೈಪೋಟಿ ಇರಬಾರದೆಂದು ಆ ಕಂಪನಿ ಹಳೆಯ ಬ್ರಿಟಿಷ್ ಚಿತ್ರದ ಪ್ರತಿಗಳನ್ನು ನಾಶಮಾಡಿಸಲು ಹೊರಟಿತ್ತೆಂದು ಸಿನಿಮಾ ಚರಿತ್ರೆಗಳು ಹೇಳುತ್ತವೆ. ಅದೃಷ್ಟವಶಾತ್ ಎಲ್ಲವೂ ನಾಶವಾಗಲಿಲ್ಲ. ಇಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ನೋಡಿದವರಲ್ಲಿ ಎರಡು ಪಂಗಡ. ಹಾಲಿವುಡ್ಡಿನದು ಹೆಚ್ಚು ಅದ್ದೂರಿ, ಬರ್ಗ್‌ಮನ್ ಅಭಿನಯಕ್ಕೆ ಸಾಟಿ ಇಲ್ಲ ಎನ್ನುವವರು ಕೆಲವರು. ಬ್ರಿಟಿಷ್ ಚಿತ್ರ ಚಿಕ್ಕದು, ಬಿಗಿಯಾದದ್ದು, ಅದರ ಗಂಡ ಇನ್ನೂ ಕ್ರೂರ ಎನ್ನುವವರು ಕೆಲವರು. ನನ್ನ ಮತ ಎರಡನೆಯವರ ಕಡೆಗೆ. ವಾಲ್‌ಬ್ರುಕ್ ಧ್ವನಿ ಏರಿಸದೆಯೇ ಹೆದರಿಸುತ್ತಾನೆ. ನಿಮ್ಮ ಮತ ಬೇರೆಯಾಗಬಹುದು. ಹೋಲಿಸಲು ಎರಡು ಚಿತ್ರ ಉಳಿದಿರುವುದರಿಂದಲೇ ಈ ಜಗಳ ಸಾಧ್ಯ ಎಂಬುದನ್ನು ಮಾತ್ರ ಮರೆಯಬೇಡಿ.

ಯುದ್ಧಕಾಲದ ಚಿತ್ರಗಳ ಕಡೆ ಬರೋಣ. ಲಂಡನ್ನಿನ ಈಲಿಂಗ್ ಸ್ಟುಡಿಯೋ ಹಾಸ್ಯಚಿತ್ರಗಳಿಗೆ ಹೆಸರುವಾಸಿ. ಅದೇ ಸ್ಟುಡಿಯೋದಿಂದ 1942ರಲ್ಲಿ ಬಂದ ‘ವೆಂಟ್ ದ ಡೇ ವೆಲ್?’ ನೋಡಿದವರು ಬೆಚ್ಚಿಬೀಳುತ್ತಾರೆ. ಗ್ರಹಾಂ ಗ್ರೀನ್ ಕಥೆಯನ್ನು ಆಧರಿಸಿದ ಇದರ ನಿರ್ದೇಶಕ ಬ್ರೆಜಿಲ್ ಮೂಲದ ಆಲ್ಬರ್ಟೊ ಕವಲ್ಕಾಂಟಿ. ಒಂದು ಹಸಿರು ಹಳ್ಳಿಗೆ ಬ್ರಿಟಿಷ್ ಸೈನಿಕರು ಬಂದು ತಂಗುತ್ತಾರೆ. ಹಳ್ಳಿಯವರು ಆದರದಿಂದ ಮನೆಗೆ ಕರೆದು ಚಹಾ ಕೊಡುತ್ತಾರೆ. ಅವರು ವೇಷ ಮರೆಸಿಕೊಂಡ ಜರ್ಮನ್ನರು. ಅಂಕಿ ಬರೆಯುವ ರೀತಿಯಲ್ಲಿ ಒಂದು ಸುಳಿವು, ವಿಯೆನ್ನಾದ ಹೆಸರಿರುವ ಒಂದು ಚಾಕೊಲೇಟಿನಲ್ಲಿ ಇನ್ನೊಂದು ಸುಳಿವು. ಆಮೇಲೆ ಆ ಸಭ್ಯ ಹಳ್ಳಿಗರು, ಅಂಚೆಮನೆಯ ಹೆಂಗಸೂ ಸೇರಿದಂತೆ, ಕೈಗೆ ಸಿಕ್ಕ ಕೊಡಲಿ ಹಿಡಿಯುತ್ತಾರೆ. ಚಿತ್ರ ಶುರುವಾಗುವುದು ಯುದ್ಧ ಮುಗಿದು ಗೆದ್ದಾಯಿತು ಎಂಬ ಮಾತಿನಿಂದ, ಆದರೆ ಅದು ತಯಾರಾದಾಗ ಯುದ್ಧ ಮುಗಿಯಲು ಇನ್ನೂ ಮೂರು ವರ್ಷ ಇತ್ತು. ಗೆಲ್ಲುತ್ತೇವೆಯೇ ಎಂದು ಯಾರಿಗೂ ತಿಳಿಯದಿದ್ದ ದಿನಗಳಲ್ಲಿ ಆ ಮಾತು ಪ್ರೇಕ್ಷಕರ ಕಿವಿಗೆ ಹೇಗೆ ಕೇಳಿಸಿರಬೇಕು, ಯೋಚಿಸಿ.

ಯುದ್ಧ ಮುಗಿದ ಮೇಲಿನ ಎರಡು ಚಿತ್ರಗಳು, ಎರಡೂ 1947ರವು, ಎರಡೂ ಈಲಿಂಗಿನವು. ಚಾರ್ಲ್ಸ್ ಕ್ರೈಟನ್ ನಿರ್ದೇಶಿಸಿದ ‘ಹ್ಯೂ ಅಂಡ್ ಕ್ರೈ’ ಹುಡುಗರ ಪತ್ತೇದಾರಿ ಕಥೆ. ತಾವು ಓದುವ ಧಾರಾವಾಹಿಯನ್ನು ಕಳ್ಳರ ತಂಡ ಗುಪ್ತ ಸಂದೇಶಕ್ಕೆ ಬಳಸುತ್ತಿದೆ ಎಂದು ಹುಡುಗರಿಗೆ ಗೊತ್ತಾಗುತ್ತದೆ. ಕೊನೆಗೆ ಲಂಡನ್ನಿನ ಮೂಲೆಮೂಲೆಯಿಂದ ಬಂದ ಮಕ್ಕಳು ಕಳ್ಳರನ್ನು ಮುತ್ತುವುದು ಬಾಂಬು ಬಿದ್ದು ಕುಸಿದ ಕಟ್ಟಡಗಳ ನಡುವೆ. ಅವು ಸೆಟ್ಟುಗಳಲ್ಲ. ಇನ್ನೊಂದು, ರಾಬರ್ಟ್ ಹ್ಯಾಮರ್ ಅವರ ‘ಇಟ್ ಆಲ್ವೇಸ್ ರೇನ್ಸ್ ಆನ್ ಸಂಡೇ’. ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ ಮಳೆ ಸುರಿಯುವ ಒಂದು ಭಾನುವಾರ. ಜೈಲಿನಿಂದ ತಪ್ಪಿಸಿಕೊಂಡ ಹಳೆಯ ಪ್ರಿಯಕರನನ್ನು ಒಬ್ಬ ಗೃಹಿಣಿ ತನ್ನ ಮನೆಯಲ್ಲೇ ಬಚ್ಚಿಡಬೇಕಾದ ಸಂಕಟ. ಗೂಗಿ ವಿದರ್ಸ್ ಈ ಗೃಹಿಣಿ. ಅಭಿಮಾನಿಗಳು ಕಥೆಗಿಂತ ಆ ಮನೆಯ ಬಗ್ಗೆ ಹೆಚ್ಚು ಮಾತಾಡುತ್ತಾರೆ: ಇಕ್ಕಟ್ಟು, ಒದ್ದೆ ಬಟ್ಟೆ, ಸ್ನಾನದ ತೊಟ್ಟಿ, ಅಡುಗೆಮನೆಯಲ್ಲಿ ಯಾರಿಗೂ ಏಕಾಂತ ಇಲ್ಲದಿರುವುದು. ಸಮಾಜಶಾಸ್ತ್ರ ಓದುವವರಿಗೆ ಇದು ಪಠ್ಯಪುಸ್ತಕದ ಒಂದು ಅಧ್ಯಾಯಕ್ಕೆ ಸಮ.

ವಿಮರ್ಶಕರ ತೀರ್ಪು ತಲೆಕೆಳಗಾದದ್ದೂ ಉಂಟು. 1960ರಲ್ಲಿ ಅದೇ ಮೈಕೇಲ್ ಪೊವೆಲ್ ‘ಪೀಪಿಂಗ್ ಟಾಮ್’ ಎಂಬ ಕರಾಳ ಚಿತ್ರ ಮಾಡಿದಾಗ ಲಂಡನ್ ಪತ್ರಿಕೆಗಳು ಅವನ ಮೇಲೆ ಮುಗಿಬಿದ್ದವು. ಚಿತ್ರವನ್ನು ಬೇಗನೆ ಹಿಂತೆಗೆದುಕೊಂಡರು. ಬ್ರಿಟನ್ನಿನಲ್ಲಿ ಅವನ ವೃತ್ತಿಯೇ ಹೆಚ್ಚುಕಡಿಮೆ ಮುರಿದುಬಿತ್ತು. ಇಪ್ಪತ್ತು ವರ್ಷದ ಬಳಿಕ ಅದನ್ನು ಮತ್ತೆ ಬೆಳಕಿಗೆ ತರಲು ಕೈಜೋಡಿಸಿದವನು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ. ಅವನು ಬಾಲ್ಯದಿಂದಲೂ ಪೊವೆಲ್ ಚಿತ್ರಗಳ ಅಭಿಮಾನಿ. ಒಬ್ಬ ಅಭಿಮಾನಿಯ ಹಟ ಒಬ್ಬ ನಿರ್ದೇಶಕನ ಮಾನವನ್ನು ಹಿಂದಕ್ಕೆ ತಂದಿತು.

ಈಗ ನಮ್ಮ ನೆಲಕ್ಕೆ ಸೇರಿದ ಮಾತು. ಹಳೆಯ ಬ್ರಿಟಿಷ್ ಚಿತ್ರಗಳ ಅಭಿಮಾನಿಗಳು ಇಂದಿಗೂ ಪ್ರೀತಿಯಿಂದ ನೆನೆಯುವ ಒಂದು ಹೆಸರು ಸಾಬು. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ರಡ್ಯಾರ್ಡ್ ಕಿಪ್ಲಿಂಗ್ ಬರೆದ ಆನೆಯ ಹುಡುಗ ಟೂಮಾಯಿಯ ಕಥೆಯನ್ನು ಚಿತ್ರ ಮಾಡಲು ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಸಾಕ್ಷ್ಯಚಿತ್ರಗಳಿಗೆ ಹೆಸರಾದ ರಾಬರ್ಟ್ ಫ್ಲಾಹರ್ಟಿಯನ್ನು ಮೈಸೂರಿಗೆ ಕಳಿಸಿದ. ಆ ತಂಡದ ಕಣ್ಣಿಗೆ ಬಿದ್ದವನು ಈ ಹುಡುಗ. ಕಾಡು, ಆನೆ, ಜನಸಂದಣಿ ಎಲ್ಲವನ್ನೂ ಫ್ಲಾಹರ್ಟಿ ಮೈಸೂರು ಸೀಮೆಯಲ್ಲಿ ತೆಗೆದ. ಆಮೇಲೆ ಹುಡುಗನನ್ನು ಇಂಗ್ಲೆಂಡಿಗೆ ಕರೆದೊಯ್ದು, ಡೆನಂ ಸ್ಟುಡಿಯೋದಲ್ಲಿ ಅಲೆಕ್ಸಾಂಡರನ ತಮ್ಮ ಜೋಲ್ಟನ್ ಕೋರ್ಡಾ ಮಾತಿನ ದೃಶ್ಯಗಳನ್ನು ತೆಗೆದ. ಹೀಗೆ ಎರಡು ಕೈಯಲ್ಲಿ ತಯಾರಾದ ‘ಎಲಿಫೆಂಟ್ ಬಾಯ್’ 1937ರಲ್ಲಿ ಬಿಡುಗಡೆಯಾಗಿ, ಆ ವರ್ಷದ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು.

ಈ ಚಿತ್ರವನ್ನು ಇಂಗ್ಲೆಂಡಿನ ಅಭಿಮಾನಿ ನೋಡುವುದಕ್ಕೂ ನೀವು ನೋಡುವುದಕ್ಕೂ ವ್ಯತ್ಯಾಸವಿದೆ, ಇರಲೇಬೇಕು. ಅವನಿಗೆ ಅದು ದೂರದ ಕಾಡಿನ ಸಾಹಸ. ನಿಮಗೆ ಅದರ ಆನೆಗಳು ಮೈಸೂರಿನವು, ಮಾವುತನ ಮಗ ಆನೆಯ ಮೇಲೆ ಕೂರುವ ಭಂಗಿ ಕಲಿಸಿ ಬಂದದ್ದಲ್ಲ. ಆದರೆ ಅದೇ ಹುಡುಗ ಸ್ಟುಡಿಯೋ ದೃಶ್ಯದಲ್ಲಿ ಬಿಳಿ ಸಾಹೇಬನ ಮುಂದೆ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಸುತ್ತಲಿನ ‘ಭಾರತೀಯ’ ಪಾತ್ರಗಳಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡ ಆಂಗ್ಲ ನಟರೂ ಇದ್ದಾರೆ. ಎಲ್ಲಿ ಫ್ಲಾಹರ್ಟಿಯ ಕ್ಯಾಮೆರಾ ಮುಗಿದು ಡೆನಂ ಶುರುವಾಗುತ್ತದೆ ಎಂಬುದನ್ನು ಬೆಳಕಿನಿಂದಲೇ ಕಂಡುಹಿಡಿಯಬಹುದು. ನೋಡುವಾಗ ಪ್ರಯತ್ನಿಸಿ.

ಸಾಬು ಮರುವರ್ಷ ನಟಿಸಿದ ‘ದಿ ಡ್ರಮ್’ ಇನ್ನೂ ಕಟುವಾದ ಪಾಠ. ವಾಯವ್ಯ ಗಡಿನಾಡಿನಲ್ಲಿ ಬ್ರಿಟಿಷ್ ಸೈನ್ಯದ ಪರಾಕ್ರಮವನ್ನು ಕೊಂಡಾಡುವ ಬಣ್ಣದ ಚಿತ್ರ ಅದು. ಲಂಡನ್ನಿನಲ್ಲಿ ಚೆನ್ನಾಗಿ ಓಡಿತು. 1938ರಲ್ಲಿ ಮುಂಬಯಿಯಲ್ಲಿ ತೋರಿಸಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು, ಪ್ರದರ್ಶನ ನಿಲ್ಲಿಸಬೇಕಾಯಿತು. ಅದೂ ಪ್ರೇಕ್ಷಕರು ತಮ್ಮ ಅನಿಸಿಕೆಯನ್ನು ಹಂಚಿಕೊಂಡ ಒಂದು ರೀತಿಯೇ! ಇಂದು ಆ ಚಿತ್ರದ ಬಣ್ಣ, ಸಾಬುವಿನ ಲವಲವಿಕೆಗಳನ್ನು ಹೊಗಳುವ ಅಭಿಮಾನಿ ಈ ಮುಂಬಯಿಯ ಪ್ರೇಕ್ಷಕರನ್ನು ಮರೆತರೆ ಅವನ ಅನಿಸಿಕೆ ಅರ್ಧದ್ದು ಮಾತ್ರ.

1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಸಾಬು ಮತ್ತೆ ಬರುತ್ತಾನೆ, ಸುಗಂಧ ಪೂಸಿಕೊಂಡ ಒಬ್ಬ ಯುವ ರಾಜಕುಮಾರನಾಗಿ. ಪೊವೆಲ್ ಮತ್ತು ಎಮರಿಕ್ ಪ್ರೆಸ್‌ಬರ್ಗರ್ ಜೋಡಿಯ ಚಿತ್ರ. ಹಿಮಾಲಯದ ಕ್ರೈಸ್ತ ಸಂನ್ಯಾಸಿನಿಯರ ಕಥೆಯಾದರೂ ತಂಡ ಹಿಮಾಲಯಕ್ಕೆ ಕಾಲಿಡಲಿಲ್ಲ. ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಗಾಜಿನ ಮೇಲೆ ಬರೆದ ಬೆಟ್ಟ, ಕಣಿವೆಗಳೇ ನಮ್ಮನ್ನು ತಲೆಸುತ್ತುವಂತೆ ಮಾಡುತ್ತವೆ. ಛಾಯಾಗ್ರಹಣಕ್ಕೆ ಜ್ಯಾಕ್ ಕಾರ್ಡಿಫ್, ಕಲಾ ನಿರ್ದೇಶನಕ್ಕೆ ಆಲ್ಫ್ರೆಡ್ ಯುಂಗ ಆಸ್ಕರ್ ಪಡೆದರು. ಬ್ರಿಟಿಷರು ಭಾರತ ಬಿಟ್ಟ ವರ್ಷವೇ ತೆರೆಕಂಡ ಈ ಚಿತ್ರ, ಆ ಸಂನ್ಯಾಸಿನಿಯರು ಬೆಟ್ಟ ಬಿಟ್ಟು ಇಳಿದುಹೋಗುವುದರೊಂದಿಗೆ ಮುಗಿಯುತ್ತದೆ. ಸಾಬು ಆ ಹೊತ್ತಿಗೆ ಅಮೆರಿಕದ ಪ್ರಜೆಯಾಗಿ, ಮಹಾಯುದ್ಧದಲ್ಲಿ ವಿಮಾನದ ಬಂದೂಕುಗಾರನಾಗಿ ಪದಕ ಪಡೆದಿದ್ದ. 1963ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ.

ಇಷ್ಟೆಲ್ಲ ಉಳಿದಿರುವ ಚಿತ್ರಗಳ ಮಾತಾಯಿತು. ಉಳಿಯದವುಗಳ ಸಂಖ್ಯೆ ದೊಡ್ಡದು. 1950ರ ದಶಕದ ಆರಂಭದವರೆಗೆ ಚಿತ್ರಗಳನ್ನು ನೈಟ್ರೇಟ್ ಫಿಲ್ಮಿನ ಮೇಲೆ ತೆಗೆಯುತ್ತಿದ್ದರು. ಅದು ಬೇಗ ಬೆಂಕಿ ಹಿಡಿಯುತ್ತದೆ. ಹಾಗೆಯೇ ಇಟ್ಟರೆ ಕಾಲಾಂತರದಲ್ಲಿ ಅಂಟಾಗಿ, ಪುಡಿಯಾಗಿ ಹೋಗುತ್ತದೆ. ವಾಕ್ಚಿತ್ರ ಬಂದ ಮೇಲೆ ಮೂಕಿ ಚಿತ್ರಗಳನ್ನು ಯಾರಿಗೂ ಬೇಡವೆಂದು ಎಸೆದವರೂ ಇದ್ದರು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1933ರಲ್ಲಿ ಸ್ಥಾಪನೆಯಾಗಿ, ಅದರ ಚಿತ್ರ ಭಂಡಾರ 1935ರಲ್ಲಿ ಕೆಲಸ ಶುರುಮಾಡುವ ಹೊತ್ತಿಗೆ ಬಹಳಷ್ಟು ಕೈತಪ್ಪಿಹೋಗಿತ್ತು. ಆ ಸಂಸ್ಥೆ 2010ರಲ್ಲಿ, ಕಳೆದುಹೋದ 75 ಬ್ರಿಟಿಷ್ ಚಿತ್ರಗಳ ಪಟ್ಟಿ ಹೊರಡಿಸಿ, ಎಲ್ಲಾದರೂ ಕಂಡರೆ ತಿಳಿಸಿ ಎಂದು ಸಾರ್ವಜನಿಕರನ್ನು ಕೇಳಿತು. ಪಟ್ಟಿಯಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ 1926ರಲ್ಲಿ ನಿರ್ದೇಶಿಸಿದ ‘ದಿ ಮೌಂಟನ್ ಈಗಲ್’ ಕೂಡ ಇತ್ತು. ಅಷ್ಟು ದೊಡ್ಡ ಹೆಸರಿನ ನಿರ್ದೇಶಕನದೇ ಒಂದು ಇಡೀ ಚಿತ್ರ ಇಲ್ಲ. ಕೆಲವು ಸ್ಥಿರಚಿತ್ರಗಳಷ್ಟೇ ಇವೆ.

ಪಟ್ಟಿ ವ್ಯರ್ಥವಾಗಲಿಲ್ಲ. ಜಾರ್ಜ್ ಪಿಯರ್ಸನ್ ನಿರ್ದೇಶಿಸಿ, ಅಂದಿನ ಜನಪ್ರಿಯ ನಟಿ ಬೆಟ್ಟಿ ಬಾಲ್ಫರ್ ನಟಿಸಿದ ‘ಲವ್, ಲೈಫ್ ಅಂಡ್ ಲಾಫ್ಟರ್’ ಎಂಬ 1923ರ ಮೂಕಿ ಚಿತ್ರ 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪತ್ತೆಯಾಯಿತು. ಅಲ್ಲಿನ ಚಿಕ್ಕ ಊರೊಂದರ ಹಳೆಯ ಚಿತ್ರಮಂದಿರಕ್ಕೆ ಸೇರಿದ ಡಬ್ಬಿಗಳಲ್ಲಿ ಅದು ಸುಮ್ಮನೆ ಕೂತಿತ್ತು. ಕಂಡವರಿಗೆ ಅದರ ಬೆಲೆ ತಿಳಿದದ್ದು ಪಟ್ಟಿಯೊಂದು ಇದ್ದುದರಿಂದ.

ನೀವೂ ನಿಮ್ಮ ಕಾಲೇಜಿನ ಚಿತ್ರ ಸಂಘದಲ್ಲೋ ಮನೆಯಲ್ಲೋ ಇಂಥ ಒಂದು ಹಳೆಯ ಚಿತ್ರ ನೋಡಿದಿರಿ ಎನ್ನಿ. ಬರೆದಿಡುವಾಗ ‘ತುಂಬ ಚೆನ್ನಾಗಿತ್ತು’ ಎಂಬುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಚಿತ್ರದ ಹೆಸರು, ವರ್ಷ, ನಿರ್ದೇಶಕರ ಹೆಸರು, ನೀವು ನೋಡಿದ ಪ್ರತಿ ಎಷ್ಟು ನಿಮಿಷದ್ದು ಎಂಬುದನ್ನು ಬರೆಯಿರಿ. ನಿಮಿಷಗಳಿಗೆ ಏಕೆ ಇಷ್ಟು ಮಹತ್ವ ಎನ್ನುವಿರಾ? ಪೊವೆಲ್ ಮತ್ತು ಪ್ರೆಸ್‌ಬರ್ಗರ್ 1944ರಲ್ಲಿ ಮಾಡಿದ ‘ಎ ಕ್ಯಾಂಟರ್‌ಬರಿ ಟೇಲ್’ ಚಿತ್ರವನ್ನು ಅಮೆರಿಕದ ಪ್ರೇಕ್ಷಕರಿಗಾಗಿ ಕತ್ತರಿಸಿ, ಮೂಲದಲ್ಲಿಲ್ಲದ ದೃಶ್ಯಗಳನ್ನು ಸೇರಿಸಿದ್ದರು. ಪೂರ್ಣ ರೂಪ 1970ರ ದಶಕದಲ್ಲಿ ಮತ್ತೆ ಸಿದ್ಧವಾಗುವವರೆಗೆ ಎಷ್ಟೋ ಜನ ಬೇರೆ ಬೇರೆ ಚಿತ್ರ ನೋಡಿ, ಒಂದೇ ಚಿತ್ರ ನೋಡಿದೆವೆಂದುಕೊಂಡು ವಾದಿಸುವಂತಿತ್ತು. ಆಮೇಲೆ ನಿಮ್ಮ ಕಣ್ಣಿಗೆ ಬಿದ್ದ ಒಂದು ದೃಶ್ಯವನ್ನು ಆರಿಸಿಕೊಂಡು, ಅದರಲ್ಲಿ ಯಾರು ಎಲ್ಲಿ ನಿಂತಿದ್ದರು, ಬೆಳಕು ಎತ್ತಲಿಂದ ಬಂತು, ನಿಮಗೆ ಏನೆನಿಸಿತು ಎಂದು ಬರೆಯಿರಿ. ಇಷ್ಟವಾಗದಿದ್ದರೆ ಅದನ್ನೂ ಬರೆಯಿರಿ. ‘ಎಲಿಫೆಂಟ್ ಬಾಯ್’ ನೋಡುವವರು ಮೈಸೂರು ಕಡೆಯವರಾಗಿದ್ದರೆ, ಆ ಕಾಡಿನ, ಆ ಹೊಳೆಯ, ಆ ಆನೆ ಪಳಗಿಸುವ ರೀತಿಯ ಗುರುತು ಮನೆಯ ಹಿರಿಯರಿಗೆ ಸಿಗುತ್ತದೆಯೇ ಎಂದು ಕೇಳಿ ನೋಡಿ. ಲಂಡನ್ನಿನ ಯಾವ ಅಭಿಮಾನಿಯೂ ಬರೆಯಲಾಗದ ಟಿಪ್ಪಣಿ ಅದು.